ನಗರಸಭೆ ಕೊಡಿಸಿದ ಸಾಲ: ಹೊಣೆ ಯಾರದ್ದು, ಮುಂದಿನ ದಾರಿ ಯಾವುದು?

ಓದುಗರ ಪ್ರಶ್ನೆ: ಹಾವೇರಿ ಜಿಲ್ಲೆಯ ಒಂದು ಊರಿನಲ್ಲಿ ಸಂಜೆ ಹೊತ್ತು ಗಿರ್ಮಿಟ್, ಮಿರ್ಚಿ ಗಾಡಿ ಹಾಕುತ್ತೇನೆ. 2021ರ ಶುರುವಿನಲ್ಲಿ ನಗರಸಭೆಯವರು ಶಿಫಾರಸು ಪತ್ರ ಕೊಟ್ಟರು. ಬ್ಯಾಂಕಿನಿಂದ ಬೀದಿ ವ್ಯಾಪಾರಿಗಳಿಗೆ ಕೊಡುವ ಪಿಎಂ ಸ್ವನಿಧಿ ಸಾಲ 10,000 ರೂಪಾಯಿ ಸಿಕ್ಕಿತು. ಲಾಕ್‌ಡೌನ್ ಸಮಯದಲ್ಲಿ ಎರಡು ಕಂತು ತಡವಾಯಿತು, ಆಮೇಲೆ ಪೂರ್ತಿ ತೀರಿಸಿದೆ. ಎರಡನೇ ಸಾಲ 20,000, ಅದರಲ್ಲಿ ಇನ್ನು ಮೂರು ಕಂತು ಬಾಕಿ. ಅದು ಮುಗಿದರೆ 50,000 ಕೊಡುತ್ತಾರಂತೆ. ಜೊತೆಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಅಂಗಡಿಗಳಿಗೆ ಹಾಕುವ ಸಣ್ಣ ಘಟಕ ಶುರು ಮಾಡುವ ಆಸೆ ಇದೆ. ಅದಕ್ಕೆ 3 ಲಕ್ಷ ಬೇಕು. ದಿನಕ್ಕೆ 2,500 ವ್ಯಾಪಾರ, ಸಾಮಾನಿನ ಖರ್ಚು ಕಳೆದು 700 ಉಳಿಯುತ್ತದೆ. ಮನೆ ಖರ್ಚು ತಿಂಗಳಿಗೆ 9,000. ಎಣ್ಣೆ, ಕಡಲೆ ಹಿಟ್ಟು ಉದ್ದರಿ ತರುತ್ತೇನೆ, ಅಂಗಡಿಯವರು ಟಿನ್ನಿಗೆ 60 ರೂಪಾಯಿ ಜಾಸ್ತಿ ಹಾಕುತ್ತಾರೆ. ಎರಡು ಮೈಕ್ರೋಫೈನಾನ್ಸ್ ಸಂಘದ ಸಾಲ ಇವೆ. ವಾರಕ್ಕೆ ಒಂದಕ್ಕೆ 850, ಇನ್ನೊಂದಕ್ಕೆ 600. ದೊಡ್ಡದು ಏಳು ತಿಂಗಳಿಗೆ ಮುಗಿಯುತ್ತದೆ. ಯಜಮಾನರ ದುಡಿಮೆಗೆ ಗ್ಯಾರಂಟಿ ಇಲ್ಲ, ಮೇಲಾಗಿ ಹಳೇ ಸಾಲವೊಂದನ್ನು ಅರ್ಧಕ್ಕೆ ಬಿಟ್ಟಿದ್ದಾರೆ. ಅಕ್ಕಪಕ್ಕದ ಗಾಡಿಯವರು, "ಇದು ಸರ್ಕಾರದ ಸಾಲ, ಇವತ್ತಲ್ಲ ನಾಳೆ ಮನ್ನಾ ಆಗುತ್ತೆ, ಕಟ್ಟಬೇಡ" ಅನ್ನುತ್ತಾರೆ. ಒಬ್ಬರು 5,000 ಕೊಟ್ಟರೆ ಸಿಬಿಲ್ ಕ್ಲೀನ್ ಮಾಡಿಸಿ ಸಾಲ ಕೊಡಿಸುತ್ತೇನೆ ಅಂತಿದ್ದಾರೆ. ಈಗ ರಸ್ತೆ ಅಗಲ ಮಾಡಿ ಗಾಡಿ ಎತ್ತಿಸುತ್ತಾರೆ ಅಂತ ಬೇರೆ ಸುದ್ದಿ. ಗಾಡಿಯೇ ಹೋದರೆ ಸಾಲದ ಗತಿ ಏನು? ಕೊಡಿಸಿದ್ದು ನಗರಸಭೆಯವರು, ಅವರೇ ಹೊಣೆ ಅಲ್ವಾ?

ಉತ್ತರ: ಲೆಕ್ಕ ಇಷ್ಟು ಬಿಡಿಸಿ ಬರೆದಿದ್ದೀರಿ, ಒಳ್ಳೆಯದಾಯಿತು. ಬ್ಯಾಂಕ್ ಶಾಖೆಯಲ್ಲಿ ಕೂತು ಇಂಥ ಅರ್ಜಿಗಳನ್ನು ನೋಡಿದವನು ನಾನು. ಅರ್ಧ ಜನ ತಮ್ಮ ದಿನದ ಉಳಿಕೆ ಎಷ್ಟು ಅಂತ ಹೇಳೋದೇ ಇಲ್ಲ.

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದಕ್ಕೆ ಉತ್ತರ ಸಿಕ್ಕರೆ ಉಳಿದ ಗೊಂದಲ ಮುಕ್ಕಾಲು ಕಡಿಮೆಯಾಗುತ್ತದೆ. ಈ ಸಾಲದಲ್ಲಿ ಮೂರು ಕೈಗಳಿವೆ. ನಗರಸಭೆ ಕೊಡುವುದು ಗುರುತು. "ಈಕೆ ನಮ್ಮೂರಿನ ಬೀದಿಯಲ್ಲಿ ನಿಜವಾಗಿ ವ್ಯಾಪಾರ ಮಾಡುತ್ತಾಳೆ" ಎಂಬ ಕಾಗದ, ಅಷ್ಟೇ. ದುಡ್ಡು ಕೊಡುವುದು ಬ್ಯಾಂಕ್. ಅದು ಊರ ಜನ ಠೇವಣಿ ಇಟ್ಟ ದುಡ್ಡು, ಸರ್ಕಾರದ ಖಜಾನೆಯದ್ದಲ್ಲ. ಕೇಂದ್ರ ಸರ್ಕಾರ ಕೊಡುವುದು ಬಡ್ಡಿಯಲ್ಲಿ ಸ್ವಲ್ಪ ಸಹಾಯ ಮತ್ತು ಬ್ಯಾಂಕಿಗೆ ಒಂದು ಗ್ಯಾರಂಟಿ. ಸಾಲದ ಕಾಗದಕ್ಕೆ ಸಹಿ ಹಾಕಿದ್ದು ನೀವು. ಹಾಗಾಗಿ ಕಟ್ಟುವ ಹೊಣೆ ನಿಮ್ಮದೇ. ನಗರಸಭೆಗೆ ಅದರಲ್ಲಿ ಒಂದು ರೂಪಾಯಿ ಜವಾಬ್ದಾರಿಯೂ ಇಲ್ಲ.

ಗ್ಯಾರಂಟಿ ಅಂದಕೂಡಲೇ ಜನ ತಪ್ಪು ತಿಳಿಯುತ್ತಾರೆ. "ಸರ್ಕಾರ ಗ್ಯಾರಂಟಿ ಕೊಟ್ಟಿದೆ, ನಾವು ಕಟ್ಟದಿದ್ದರೆ ಅವರು ಕಟ್ಟುತ್ತಾರೆ" ಅಂತ. ಆ ಗ್ಯಾರಂಟಿ ಬ್ಯಾಂಕಿಗೆ ಹಿಡಿದ ಛತ್ರಿ, ನಿಮಗಲ್ಲ. ಅದು ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮ್ಯಾನೇಜರ್ ಒಬ್ಬರು ಯಾಕೆ ಒಮ್ಮೆ ಕರೆದು ಸಾಲ ಕೊಡುತ್ತಾರೆ, ಇನ್ನೊಮ್ಮೆ ಮುಖ ತಿರುಗಿಸುತ್ತಾರೆ ಅನ್ನುವುದು ಇದರಲ್ಲೇ ಇದೆ.

ಯೋಜನೆ ಶುರುವಾದದ್ದು 2020ರ ಜೂನ್ 1ರಂದು. ಗ್ಯಾರಂಟಿ ಕೊಡುವುದು ಸಿಜಿಟಿಎಂಎಸ್‌ಇ ಎಂಬ ಟ್ರಸ್ಟ್. ಅದು ಒಬ್ಬೊಬ್ಬರ ಸಾಲಕ್ಕೆ ಬೇರೆ ಬೇರೆ ಲೆಕ್ಕ ಹಾಕುವುದಿಲ್ಲ. ಬ್ಯಾಂಕ್ ಒಂದು ವರ್ಷದಲ್ಲಿ ಕೊಟ್ಟ ಎಲ್ಲ ಸ್ವನಿಧಿ ಸಾಲವನ್ನು ಒಂದೇ ಗಂಟು ಅಂತ ನೋಡುತ್ತದೆ. ಆ ಗಂಟಿನಲ್ಲಿ ನೂರಕ್ಕೆ 5ರಷ್ಟು ಮುಳುಗಿದರೆ ಅಷ್ಟನ್ನೂ ಟ್ರಸ್ಟ್ ತುಂಬಿಕೊಡುತ್ತದೆ. 5ರಿಂದ 15ರವರೆಗೆ ಮುಳುಗಿದ್ದಕ್ಕೆ ಮುಕ್ಕಾಲು ಪಾಲು ಮಾತ್ರ. 15 ದಾಟಿದ್ದೆಲ್ಲ ಬ್ಯಾಂಕಿನ ಸ್ವಂತ ನಷ್ಟ. ಅಂದರೆ ನೂರು ರೂಪಾಯಿಯಲ್ಲಿ 15 ಮುಳುಗಿದರೆ ಬ್ಯಾಂಕಿಗೆ 12.50 ವಾಪಸ್, 2.50 ಕೈಬಿಟ್ಟಿತು. 25 ಮುಳುಗಿದರೆ ವಾಪಸ್ ಬರುವುದು ಅದೇ 12.50.

ಈಗ ನಿಮ್ಮ ಪಕ್ಕದ ಗಾಡಿಯವರ ಮಾತನ್ನು ಇದರ ಜೊತೆ ಇಟ್ಟು ನೋಡಿ. ಒಂದು ಊರಿನಲ್ಲಿ "ಕಟ್ಟಬೇಡಿ" ಅಂತ ಗಾಳಿ ಎದ್ದರೆ ಮೊದಲ ಏಟು ಸರ್ಕಾರಕ್ಕಲ್ಲ. ಆ ಊರಿನ ಶಾಖೆಯ ಲೆಕ್ಕ ಕೆಡುತ್ತದೆ, ಮ್ಯಾನೇಜರ್ ಮೇಲಿನವರಿಗೆ ಉತ್ತರ ಕೊಡಬೇಕಾಗುತ್ತದೆ. ಮುಂದೆ ಸರಿಯಾಗಿ ಕಟ್ಟಿದವರು ಎರಡನೇ, ಮೂರನೇ ಸಾಲಕ್ಕೆ ಹೋದಾಗಲೂ "ನೋಡೋಣ, ಮುಂದಿನ ವಾರ ಬನ್ನಿ" ಅನ್ನುವ ಮಾತು ಶುರುವಾಗುತ್ತದೆ. ಟ್ರಸ್ಟಿನಿಂದ ದುಡ್ಡು ಬಂತು ಅಂತ ಬ್ಯಾಂಕ್ ವಸೂಲಿ ಬಿಡುವ ಹಾಗೂ ಇಲ್ಲ. ಸಾಲಗಾರರ ಬಾಕಿ ಹಾಗೇ ಇರುತ್ತದೆ, ಅವರ ಸಾಲದ ಇತಿಹಾಸ ತೋರಿಸುವ ಕ್ರೆಡಿಟ್ ವರದಿಯಲ್ಲೂ ಇರುತ್ತದೆ.

ಮನ್ನಾ ಎಂಬ ನಂಬಿಕೆ ಆಕಾಶದಿಂದ ಉದುರಿದ್ದಲ್ಲ, ಅದನ್ನೂ ಹೇಳಬೇಕು. ನಮ್ಮ ರಾಜ್ಯದಲ್ಲಿ 2018ರಲ್ಲಿ ಬೆಳೆ ಸಾಲ ಮನ್ನಾ ನೋಡಿದ್ದೇವೆ. ಅದೇ ವರ್ಷ ಬೀದಿ ವ್ಯಾಪಾರಿಗಳಿಗೆ ಸಹಕಾರಿ ಬ್ಯಾಂಕುಗಳ ಮೂಲಕ ಬಡ್ಡಿ ಇಲ್ಲದ ಸಾಲ ಕೊಡುವ 'ಬಡವರ ಬಂಧು' ಬಂತು. 2025ರಲ್ಲಿ ಮೈಕ್ರೋಫೈನಾನ್ಸ್ ಕಿರುಕುಳ ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಅದರಲ್ಲಿ ನೋಂದಣಿಯೇ ಇಲ್ಲದ ಲೇವಾದೇವಿಗಾರರು ಬಡವರಿಗೆ ಕೊಟ್ಟ ಸಾಲ ತೀರಿದಂತೆ ಅನ್ನುವ ಮಾತಿತ್ತು. ಇವೆಲ್ಲ ಬಾಯಿಂದ ಬಾಯಿಗೆ ಹೋಗಿ ಕಲಸಿಕೊಂಡು "ಎಲ್ಲ ಸಾಲವೂ ಮನ್ನಾ" ಅಂತಾಗಿದೆ. ಸ್ವನಿಧಿ ಸಾಲ ಇವುಗಳಲ್ಲಿ ಯಾವುದಕ್ಕೂ ಸೇರುವುದಿಲ್ಲ. ಆರ್‌ಬಿಐ ನೋಂದಣಿ ಇರುವ ಕಂಪನಿಯಿಂದ ತಂದ ನಿಮ್ಮ ಸಂಘದ ಸಾಲವೂ ಸೇರುವುದಿಲ್ಲ.

ಮನ್ನಾಕ್ಕೆ ಕಾದು ಕೂತರೆ ನಷ್ಟ ಎಷ್ಟು ಅಂತ ರೂಪಾಯಿಯಲ್ಲೇ ನೋಡೋಣ. ಯೋಜನೆಯಲ್ಲಿ ವರ್ಷಕ್ಕೆ 7% ಬಡ್ಡಿ ಸಹಾಯಧನ ಇದೆ. ಬ್ಯಾಂಕ್ ಬಡ್ಡಿ 12% ಅಂದುಕೊಳ್ಳಿ (ನಿಮ್ಮ ಬ್ಯಾಂಕಿನ ದರ ಸ್ವಲ್ಪ ಹೆಚ್ಚು ಕಡಿಮೆ ಇರಬಹುದು, ಮಂಜೂರಾತಿ ಪತ್ರದಲ್ಲಿ ನೋಡಿ). 50,000 ಸಾಲ, 36 ಕಂತು. ತಿಂಗಳ ಕಂತು ಸುಮಾರು 1,660. ಮೂರು ವರ್ಷದಲ್ಲಿ ಒಟ್ಟು ಬಡ್ಡಿ ಸುಮಾರು 9,800. ಅದರಲ್ಲಿ ಹತ್ತಿರ ಹತ್ತಿರ 5,700 ಮೂರು ತಿಂಗಳಿಗೊಮ್ಮೆ ನಿಮ್ಮ ಖಾತೆಗೆ ವಾಪಸ್ ಬರುತ್ತದೆ. ನಿಮ್ಮ ಕೈಯಿಂದ ಹೋಗುವ ಬಡ್ಡಿ ಮೂರು ವರ್ಷಕ್ಕೆ 4,100 ಮಾತ್ರ. ಅದೇ 50,000ವನ್ನು 24% ಬಡ್ಡಿಗೆ ತಂದು ಎರಡೇ ವರ್ಷದಲ್ಲಿ ತೀರಿಸಿದರೂ 13,400 ಬಡ್ಡಿ ಆಗುತ್ತದೆ. ಬೀದಿ ವ್ಯಾಪಾರಕ್ಕೆ ಇದಕ್ಕಿಂತ ಅಗ್ಗದ ದುಡ್ಡು ನಾನು ಕಂಡಿಲ್ಲ. ಆದರೆ ಸಹಾಯಧನ ಬರುವುದು ಖಾತೆ ಸರಿ ಇದ್ದ ತಿಂಗಳುಗಳಿಗೆ ಮಾತ್ರ. ಕಂತು 90 ದಿನ ದಾಟಿ ನಿಂತರೆ ಖಾತೆ ಎನ್‌ಪಿಎ (ಕೆಟ್ಟ ಸಾಲ) ಆಗುತ್ತದೆ, ಸಹಾಯಧನವೂ ನಿಲ್ಲುತ್ತದೆ. ಲಾಕ್‌ಡೌನ್‌ನಲ್ಲಿ ನಿಮ್ಮ ಎರಡು ಕಂತು ತಡವಾದದ್ದು ಆ 90 ದಿನದ ಒಳಗೆ ಸರಿಹೋಗಿದೆ ಅಂತ ಕಾಣುತ್ತದೆ. ಇಲ್ಲದಿದ್ದರೆ ಎರಡನೇ ಸಾಲ ಸುಲಭವಾಗಿ ಸಿಗುತ್ತಿರಲಿಲ್ಲ. ಅದನ್ನು ತಲೆಯಿಂದ ತೆಗೆದುಹಾಕಿ.

ಈಗ ಸಿಬಿಲ್ ಮತ್ತು ಆ 5,000ದ ಮಾತು. ಕೊಡಬೇಡಿ. ಸಿಬಿಲ್ ಕ್ಲೀನ್ ಮಾಡುವ ಕೆಲಸ ಎಂಬುದು ಇಲ್ಲವೇ ಇಲ್ಲ. ದೇಶದಲ್ಲಿ ಜನರ ಕ್ರೆಡಿಟ್ ವರದಿ ಇಡುವ ನಾಲ್ಕು ಕಂಪನಿಗಳಿವೆ: ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್. ನಾಲ್ಕೂ ವರ್ಷಕ್ಕೊಮ್ಮೆ ನಿಮ್ಮ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಲೇಬೇಕು. ಸಂಘದ ಸಾಲಗಳ ವಿವರ ನೋಡಲು ಹೈಮಾರ್ಕ್ ವರದಿಯನ್ನೂ ಮರೆಯದೆ ತೆಗೆಸಿ. ಅದರಲ್ಲಿ ತಪ್ಪಿದ್ದರೆ ದೂರು ಕೊಡುವುದೂ ಪುಕ್ಕಟೆ. 30 ದಿನದಲ್ಲಿ ಸರಿ ಮಾಡದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ಆರ್‌ಬಿಐ ನಿಯಮವೇ ಇದೆ. ವರದಿಯಲ್ಲಿ ಇರುವುದು ನಿಜವಾದರೆ ಯಾವ ಏಜೆಂಟನೂ ಅಳಿಸಲಾರ.

ಯಜಮಾನರ ಹಳೇ ಸಾಲ ನಿಮ್ಮ ವರದಿಗೆ ತಾನಾಗಿ ಬರುವುದಿಲ್ಲ. ಗಂಡ ಹೆಂಡತಿ ಅಂದ ಮಾತ್ರಕ್ಕೆ ವರದಿ ಒಂದಾಗುವುದಿಲ್ಲ. ಆದರೆ ಆ ಸಾಲಕ್ಕೆ ನೀವು ಜಂಟಿ ಸಾಲಗಾರಳಾಗಿ ಅಥವಾ ಜಾಮೀನುದಾರಳಾಗಿ ಸಹಿ ಹಾಕಿದ್ದೀರಾ? ಬೈಕು, ಫ್ರಿಜ್ ಸಾಲಕ್ಕೆ ಕೂಡ "ಇಲ್ಲೊಂದು ಸಹಿ ಹಾಕಮ್ಮ" ಅಂತ ಹಾಕಿಸಿಕೊಂಡಿರುತ್ತಾರೆ, ನಾವು ಮರೆತಿರುತ್ತೇವೆ. ಹಾಕಿದ್ದರೆ ಅದು ನಿಮ್ಮ ಹೆಸರಲ್ಲೂ ಬಾಕಿ. ಆಗ ಉಳಿದ ಮೊತ್ತ ಎಷ್ಟು ಅಂತ ಕೇಳಿ ಪೂರ್ತಿ ಕಟ್ಟಿ ಮುಗಿಸುವುದು ಒಳ್ಳೆಯದು. ಅರ್ಧಕ್ಕೆ ರಾಜಿ ಮಾಡಿಕೊಂಡರೆ ವರದಿಯಲ್ಲಿ 'ಸೆಟಲ್ಡ್' ಅಂತ ಉಳಿಯುತ್ತದೆ. ಮುಂದೆ 3 ಲಕ್ಷ ಕೇಳುವಾಗ ಅದು ಅಡ್ಡ ಬರುತ್ತದೆ.

ಇನ್ನು ಗಾಡಿ ಎತ್ತಿಸುವ ಭಯ. ಸಾಲಕ್ಕಿಂತ ಇದೇ ನಿಮ್ಮ ನಿಜವಾದ ಅಪಾಯ ಅಂತ ನನಗನ್ನಿಸುತ್ತದೆ. ನಿಮ್ಮ ಪತ್ರದ ಒಂದು ಸಾಲು ಓದಿ ನಿಂತೆ: "ನಗರಸಭೆಯವರು ಶಿಫಾರಸು ಪತ್ರ ಕೊಟ್ಟರು." ನಿಮ್ಮ ಹತ್ತಿರ ಇರುವುದು ಅದೊಂದೇನಾ?

ಶಿಫಾರಸು ಪತ್ರ ಸಾಲಕ್ಕೆ ಸಾಕು. ಬೀದಿ ವ್ಯಾಪಾರಿಗಳ ಸಮೀಕ್ಷೆಯಲ್ಲಿ ಬಿಟ್ಟುಹೋದ ವ್ಯಾಪಾರಿಗಳಿಗೂ ಸಾಲ ಸಿಗಲಿ ಅಂತ 2020ರಲ್ಲಿ ಮಾಡಿದ ಏರ್ಪಾಡು ಅದು. ಆದರೆ ಜಾಗದ ರಕ್ಷಣೆ ಬರುವುದು ಬೀದಿ ವ್ಯಾಪಾರಿಗಳ 2014ರ ಕಾಯ್ದೆಯಿಂದ. ಆ ಕಾಯ್ದೆ ಕೇಳುವ ಕಾಗದ ವ್ಯಾಪಾರ ಪ್ರಮಾಣ ಪತ್ರ. ಶಿಫಾರಸು ಪತ್ರ ಕೊಟ್ಟ ಮೇಲೆ ನಗರಸಭೆ ಪ್ರಮಾಣ ಪತ್ರವನ್ನೂ ಕೊಡಬೇಕು ಅಂತ ಯೋಜನೆಯಲ್ಲೇ ಹೇಳಿದ್ದರು. ಎಷ್ಟೋ ಊರುಗಳಲ್ಲಿ ಸಾಲ ಆದ ಮೇಲೆ ಆ ಮಾತು ಅಲ್ಲಿಗೇ ನಿಂತಿತು. ಸಾಲದ ಗುರಿ ತಲುಪಿದರೆ ಎಲ್ಲರಿಗೂ ಸಮಾಧಾನ, ಪ್ರಮಾಣ ಪತ್ರ ಯಾರ ಗುರಿಯಲ್ಲೂ ಇರಲಿಲ್ಲ.

ಆ ಕಾಯ್ದೆಯಲ್ಲಿ ನಿಮಗೆ ಬೇಕಾದ ಮಾತುಗಳು ಇಷ್ಟು. ಸಮೀಕ್ಷೆ ಮುಗಿದು ಎಲ್ಲರಿಗೂ ಪ್ರಮಾಣ ಪತ್ರ ಕೊಡುವವರೆಗೆ ಯಾವ ಬೀದಿ ವ್ಯಾಪಾರಿಯನ್ನೂ ಎತ್ತಿಸುವ ಹಾಗಿಲ್ಲ. ಜಾಗ ಬದಲಿಸಬೇಕಾದರೆ 30 ದಿನ ಮೊದಲು ನೋಟಿಸ್ ಕೊಡಬೇಕು. ಸಾಮಾನು ಎತ್ತಿಕೊಂಡು ಹೋದರೆ ಪಟ್ಟಿ ಬರೆದು ಕೊಡಬೇಕು. ಕೆಡುವ ಸಾಮಾನನ್ನು ನೀವು ಕೇಳಿದ ದಿನವೇ, ಉಳಿದದ್ದನ್ನು ಎರಡು ಕೆಲಸದ ದಿನಗಳಲ್ಲಿ ವಾಪಸ್ ಕೊಡಬೇಕು, ನಿಗದಿ ಮಾಡಿದ ಶುಲ್ಕ ಕಟ್ಟಬೇಕಾಗುತ್ತದೆ. ಹಾಗಂತ ಪ್ರಮಾಣ ಪತ್ರ ಸಿಕ್ಕಿತು ಅಂದರೆ ಆ ಜಾಗ ನಿಮ್ಮದಾಗಿಬಿಡುವುದಿಲ್ಲ. ರಸ್ತೆ ಅಗಲ ಮಾಡುವಂಥ ಕಾರಣ ಇದ್ದರೆ ಬೇರೆ ಕಡೆ ಕಳಿಸಬಹುದು. ಪ್ರಮಾಣ ಪತ್ರ ಇದ್ದವರನ್ನು ಸುಮ್ನೆ ಓಡಿಸುವುದು ಕಷ್ಟ, ಇಲ್ಲದವರನ್ನು ಸುಲಭ. ವ್ಯತ್ಯಾಸ ಅಷ್ಟೇ, ಆದರೆ ದೊಡ್ಡದು.

ಈ ವಿಷಯ ಮಾತಾಡುವ ಜಾಗ ಪಟ್ಟಣ ವ್ಯಾಪಾರ ಸಮಿತಿ. ಅದರಲ್ಲಿ ನೂರಕ್ಕೆ 40ರಷ್ಟು ಸದಸ್ಯರು ವ್ಯಾಪಾರಿಗಳೇ ಆರಿಸಿದವರಾಗಿರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ನಿಮ್ಮೂರಿನ ಸಮಿತಿಯಲ್ಲಿ ಯಾರಿದ್ದಾರೆ ಅಂತ ಕೇಳಿ ತಿಳಿದುಕೊಳ್ಳಿ. ನಗರಸಭೆಯ ಸಮುದಾಯ ಸಂಘಟನಾಧಿಕಾರಿಗೆ, ಒಂದು ಪ್ರತಿ ಪೌರಾಯುಕ್ತರಿಗೆ, ಪ್ರಮಾಣ ಪತ್ರ ಕೇಳಿ ಅರ್ಜಿ ಕೊಡಿ. ಹಳೇ ಶಿಫಾರಸು ಪತ್ರ, ಎರಡೂ ಸಾಲದ ಪಾಸ್‌ಬುಕ್ ಪುಟ, ಗಾಡಿ ಪಕ್ಕ ನಿಂತ ಫೋಟೋ ಲಗತ್ತಿಸಿ. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಬರಬೇಡಿ. ನಾಳೆ ನೋಟಿಸ್ ಬಂದರೆ ಆ ಮೊಹರಿನ ದಿನಾಂಕವೇ ನಿಮ್ಮ ಕಡೆ ಮಾತಾಡುವುದು.

ಗಾಡಿ ಎತ್ತಿದರೆ ಸಾಲ ಏನಾಗುತ್ತದೆ ಅಂದಿರಿ. ಏನೂ ಆಗುವುದಿಲ್ಲ, ಕಂತು ನಡೆಯುತ್ತಲೇ ಇರುತ್ತದೆ. ಸಾಲ ಜಾಗಕ್ಕೆ ಕೊಟ್ಟದ್ದಲ್ಲ, ನಿಮ್ಮ ವ್ಯಾಪಾರಕ್ಕೆ ಕೊಟ್ಟದ್ದು. ನಿಜವಾಗಿ ಕೆಲವು ವಾರ ವ್ಯಾಪಾರ ನಿಂತರೆ, ಕಂತು ತಪ್ಪುವ ಮೊದಲೇ ಶಾಖೆಗೆ ಹೋಗಿ ನೋಟಿಸ್ ತೋರಿಸಿ, ಕಂತಿನ ಅವಧಿ ಹೊಂದಿಸಲು ಸಾಧ್ಯವಾ ಅಂತ ಬರೆದು ಕೇಳಿ. ಮೊದಲೇ ಬಂದು ಹೇಳಿದವರಿಗೆ ಮ್ಯಾನೇಜರ್ ಮಾಡಿಕೊಡಬಹುದಾದದ್ದನ್ನು ಮೂರು ತಿಂಗಳು ತಲೆಮರೆಸಿಕೊಂಡು ಬಂದವರಿಗೆ ಮಾಡಿಕೊಡಲು ಆಗುವುದಿಲ್ಲ. ಇದೇ ಕಾರಣಕ್ಕೆ ನಾನು ಹೇಳುವುದು, ಎರಡು ಕಂತಿನಷ್ಟು ದುಡ್ಡು ಅದೇ ಖಾತೆಯಲ್ಲಿ ಮುಟ್ಟದೆ ಇಡಿ.

ಮುಂದೆ 50,000 ತೆಗೆದುಕೊಳ್ಳಬೇಕಾ? ಬೇಕು ಅಂತಲೇ ನನ್ನ ಅಭಿಪ್ರಾಯ, ಆದರೆ ಯಾವುದಕ್ಕೆ ಅನ್ನುವುದರ ಮೇಲಿದೆ. ಕೇಂದ್ರ ಸಂಪುಟ 2025ರ ಆಗಸ್ಟ್‌ನಲ್ಲಿ ಯೋಜನೆಯ ಸಾಲದ ಅವಧಿಯನ್ನು 2030ರ ಮಾರ್ಚ್ 31ರವರೆಗೆ ಮುಂದುವರಿಸಿದೆ. ಮೊದಲ ಸಾಲ 15,000ಕ್ಕೆ, ಎರಡನೆಯದು 25,000ಕ್ಕೆ ಏರಿದೆ. ಮೂರನೆಯದು 50,000ವೇ. ಹಾಗಾಗಿ ಗಡಿಬಿಡಿ ಬೇಡ, ಬಾಗಿಲು ಮುಚ್ಚುತ್ತಿಲ್ಲ. "ನಾಳೆಯೇ ಕೊನೇ ದಿನ" ಅಂತ ಯಾರಾದರೂ ಅವಸರ ಮಾಡಿದರೆ ಅವರ ಮೇಲೇ ಅನುಮಾನ ಪಡಿ.

ನಿಮ್ಮ ತಿಂಗಳ ಲೆಕ್ಕ ಹಾಕಿ ನೋಡಿದೆ. 26 ದಿನ ಗಾಡಿ ಹಾಕಿದರೆ 18,200 ಉಳಿಯುತ್ತದೆ. ಮನೆಗೆ 9,000. ಸಂಘಗಳಿಗೆ ತಿಂಗಳ ಲೆಕ್ಕದಲ್ಲಿ ಸುಮಾರು 6,300. ಈಗಿನ ಸ್ವನಿಧಿ ಕಂತು ಸುಮಾರು 1,220. ಕೈಯಲ್ಲಿ ಉಳಿಯುವುದು 1,700ರ ಆಸುಪಾಸು. 50,000 ತೆಗೆದುಕೊಂಡರೆ ಕಂತು 1,660 ಆಗುತ್ತದೆ, ಅಂದರೆ ಈಗಿಗಿಂತ 440 ಜಾಸ್ತಿ. ತಡೆದುಕೊಳ್ಳಬಹುದು. ಆದರೆ ಆ ದುಡ್ಡನ್ನು ಹೊಸ ಗಾಡಿಗೆ ಬಣ್ಣ, ಬೋರ್ಡು, ಲೈಟು ಅಂತ ಹಾಕಬೇಡಿ. ಉದ್ದರಿ ನಿಲ್ಲಿಸಲು ಹಾಕಿ. ಮಿರ್ಚಿಗೆ ನಾಲ್ಕು ದಿನಕ್ಕೊಂದು ಟಿನ್ ಎಣ್ಣೆ ಹೋಗುತ್ತದೆ ಅಂದುಕೊಂಡರೆ ತಿಂಗಳಿಗೆ ಏಳು ಟಿನ್. ಟಿನ್ನಿಗೆ 60 ಉಳಿದರೂ 420 ಆಯಿತು. ಹೆಚ್ಚಿಗೆ ಬಂದ ಕಂತು ಎಣ್ಣೆಯಲ್ಲೇ ಹೊರಟುಹೋಯಿತು. ಕಡಲೆ ಹಿಟ್ಟು, ಮಂಡಕ್ಕಿ ಚೀಲದ ಲೆಕ್ಕದಲ್ಲಿ ರೊಕ್ಕ ಕೊಟ್ಟು ತಂದರೆ ಉಳಿಯುವುದು ಬೇರೆ. ಇದಕ್ಕೆ 30,000 ಸಾಕು ಅನ್ನಿಸಿದರೆ 30,000ವೇ ತೆಗೆದುಕೊಳ್ಳಿ. ಮಿತಿ 50,000 ಅಂದರೆ ಅಷ್ಟೂ ತೆಗೆದುಕೊಳ್ಳಬೇಕು ಅಂತೇನಿಲ್ಲ. ಅವಧಿಗೆ ಮೊದಲೇ ತೀರಿಸಿದರೆ ದಂಡವೂ ಇಲ್ಲ.

ಎರಡನೇ ಸಾಲ ತೀರಿಸಿದವರಿಗೆ ಈಗ ಯುಪಿಐಗೆ ಜೋಡಿಸಬಹುದಾದ ರುಪೇ ಕ್ರೆಡಿಟ್ ಕಾರ್ಡ್ ಕೂಡ ಇದೆ. ನಿಮಗೂ ಕೇಳಬಹುದು. ಸಾಮಾನು ತಂದು, ಬಿಲ್ಲಿನ ಕೊನೇ ದಿನದೊಳಗೆ ಪೂರ್ತಿ ಕಟ್ಟುವ ಶಿಸ್ತು ಇದ್ದರೆ ಒಳ್ಳೆಯದೇ. ಕನಿಷ್ಠ ಮೊತ್ತ ಮಾತ್ರ ಕಟ್ಟುತ್ತಾ ಹೋದರೆ ಸಂಘದ ಬಡ್ಡಿಯನ್ನೂ ಮೀರಿಸುತ್ತದೆ. ಸಂಘದ ಕಂತು ಇರುವ ಈ ಏಳು ತಿಂಗಳು ಕಾರ್ಡ್ ಬೇಡ ಅಂತ ನಾನಾದರೆ ಹೇಳುತ್ತೇನೆ.

ಕ್ಯೂಆರ್ ಯಾರ ಹೆಸರಿನಲ್ಲಿದೆ? ಎಷ್ಟೋ ಗಾಡಿಗಳಲ್ಲಿ ಮಗನ ಫೋನಿನ ಕ್ಯೂಆರ್ ಅಂಟಿಸಿರುತ್ತಾರೆ. ದುಡ್ಡು ಮಗನ ಖಾತೆಗೆ ಹೋಗುತ್ತದೆ, ಸಾಲ ತಾಯಿ ಹೆಸರಲ್ಲಿ. ಬ್ಯಾಂಕಿನವರು ತಾಯಿಯ ಖಾತೆ ತೆಗೆದು ನೋಡಿದರೆ ವ್ಯಾಪಾರವೇ ಕಾಣುವುದಿಲ್ಲ. ಹಾಗಿದ್ದರೆ ಇವತ್ತೇ ಬದಲಿಸಿ. ಡಿಜಿಟಲ್ ವ್ಯವಹಾರಕ್ಕೆ ಯೋಜನೆಯಲ್ಲಿ 1,600 ರೂಪಾಯಿವರೆಗೆ ಕ್ಯಾಶ್‌ಬ್ಯಾಕ್ ಇದೆ, ಅದು ಬಂದರೆ ಬರಲಿ. ನಿಮಗೆ ಬೇಕಾದದ್ದು ಆ ಸ್ಟೇಟ್‌ಮೆಂಟ್. 2025ರ ಜುಲೈಯಲ್ಲಿ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಲೆಕ್ಕ ನೋಡಿ ಜಿಎಸ್‌ಟಿ ನೋಟಿಸ್ ಬಂದು, ಎಷ್ಟೋ ಜನ ಕ್ಯೂಆರ್ ಕಿತ್ತು ಹಾಕಿದರು, ನೆನಪಿರಬಹುದು. ನಿಮಗೆ ಆ ಭಯ ಬೇಡ. ನಿಮ್ಮ ವರ್ಷದ ವ್ಯಾಪಾರ 8 ಲಕ್ಷವೂ ಆಗುವುದಿಲ್ಲ. ತಿಂಡಿ ಮಾಡಿ ಕೊಡುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ 20 ಲಕ್ಷ.

ಈಗ ರೊಟ್ಟಿ ಘಟಕ. ಈ ವರ್ಷ ಬೇಡ. ಕಾರಣ ಲೆಕ್ಕದಲ್ಲೇ ಇದೆ. 3 ಲಕ್ಷದಲ್ಲಿ ನಿಮ್ಮ ಕೈಯಿಂದ 10% ಅಂದರೂ 30,000 ಹಾಕಬೇಕು. ಉಳಿದ 2.70 ಲಕ್ಷಕ್ಕೆ ಐದು ವರ್ಷ, 11% ಬಡ್ಡಿ ಹಿಡಿದರೆ ಕಂತು 5,900 ಹತ್ತಿರ. ನಿಮ್ಮ ಹತ್ತಿರ ಉಳಿಯುವುದು 1,700. ರೊಟ್ಟಿ ಮಾರಾಟ ಕುದುರುವ ಮೊದಲೇ ಕಂತು ಶುರುವಾದರೆ ಗಾಡಿಯ ದುಡ್ಡು ರೊಟ್ಟಿಗೆ ಹೋಗುತ್ತದೆ, ಕೊನೆಗೆ ಮೂರನೇ ಸಂಘದ ಬಾಗಿಲು ತಟ್ಟುತ್ತೀರಿ. ಮೈಕ್ರೋಫೈನಾನ್ಸ್ ಸಾಲ ಕೊಡುವಾಗ ಮನೆಯ ಎಲ್ಲ ಕಂತು ಸೇರಿ ಆದಾಯದ ಅರ್ಧ ದಾಟಬಾರದು ಅಂತ ಆರ್‌ಬಿಐ 2022ರಿಂದ ನಿಯಮ ಮಾಡಿದೆ. ನಿಮ್ಮ ಗಾಡಿಯ ಉಳಿಕೆಯಲ್ಲಿ ಈಗಲೇ ನೂರಕ್ಕೆ 41 ಕಂತಿಗೆ ಹೋಗುತ್ತಿದೆ. ವಾರಕ್ಕೆ 850ರ ಸಾಲ ಮುಗಿಯಲಿ. ತಿಂಗಳಿಗೆ 3,700 ಉಸಿರಾಡುವ ಜಾಗ ಸಿಗುತ್ತದೆ. ಆಗ ಮಾತಾಡೋಣ.

ಆಗ ನಿಮ್ಮ ಮುಂದೆ ಮೂರು ದಾರಿ ಇರುತ್ತವೆ. ಸಣ್ಣ ಉದ್ಯಮಗಳಿಗೆ ಸಾಲ ಕೊಡುವ ಮುದ್ರಾ ಯೋಜನೆಯ ಕಿಶೋರ್ ವಿಭಾಗದಲ್ಲಿ 50,000ದಿಂದ 5 ಲಕ್ಷದವರೆಗೆ ಸಾಲ ಇದೆ. ಅಡಮಾನ ಕೇಳುವ ಹಾಗಿಲ್ಲ. ಆದರೆ ಅದರಲ್ಲಿ ಸಬ್ಸಿಡಿ ಇಲ್ಲ, ತುಂಬ ಜನ ಇದೆ ಅಂತ ತಿಳಿದಿರುತ್ತಾರೆ. ಹೊಸ ಉದ್ಯಮ ಶುರು ಮಾಡುವವರಿಗೆ ಇರುವ ಕೇಂದ್ರದ ಯೋಜನೆ ಪಿಎಂಇಜಿಪಿಯಲ್ಲಿ ಹೆಂಗಸರಿಗೆ ಪಟ್ಟಣದಲ್ಲಿ 25%, ಹಳ್ಳಿಯಲ್ಲಾದರೆ 35% ಸಬ್ಸಿಡಿ, ಕೈಯಿಂದ 5% ಹಾಕಿದರೆ ಸಾಕು. ಹೊಸ ಘಟಕಕ್ಕೆ ಮಾತ್ರ. ಬೇರೆ ಸರ್ಕಾರಿ ಸಬ್ಸಿಡಿ ಪಡೆದ ಘಟಕಕ್ಕೆ ಸಿಗುವುದಿಲ್ಲ.

ರೊಟ್ಟಿ, ಚಟ್ನಿಗೆ ಹೇಳಿ ಮಾಡಿಸಿದ್ದು ಪಿಎಂಎಫ್‌ಎಂಇ, ಸಣ್ಣ ಆಹಾರ ಘಟಕಗಳ ಯೋಜನೆ. ಕೇಂದ್ರದ್ದು 35% ಸಬ್ಸಿಡಿ, ಅದರ ಮೇಲೆ ಕರ್ನಾಟಕ ಸರ್ಕಾರ 15% ಸೇರಿಸಿ 50% ಮಾಡಿದೆ. ನಮ್ಮ ರಾಜ್ಯದಲ್ಲಿ ಕೆಪೆಕ್ ಎಂಬ ಸರ್ಕಾರಿ ನಿಗಮ ಇದನ್ನು ನೋಡಿಕೊಳ್ಳುತ್ತದೆ. ನೀವು ಅರ್ಜಿ ಹಾಕುವ ಹೊತ್ತಿಗೆ ಯೋಜನೆ ಇದೇ ರೂಪದಲ್ಲಿ ಇದೆಯಾ ಅಂತ ಜಿಲ್ಲೆಯ ಕೃಷಿ ಇಲಾಖೆ ಜಂಟಿ ನಿರ್ದೇಶಕರ ಕಚೇರಿಯಲ್ಲಿ ಮೊದಲು ವಿಚಾರಿಸಿ. ಅಲ್ಲಿ ಅರ್ಜಿ, ಯೋಜನಾ ವರದಿ ಮಾಡಿಕೊಡಲು ಜಿಲ್ಲಾ ಸಂಪನ್ಮೂಲ ವ್ಯಕ್ತಿ ಇರುತ್ತಾರೆ. ಅವರಿಗೆ ಸರ್ಕಾರವೇ ದುಡ್ಡು ಕೊಡುತ್ತದೆ, ನೀವು ಕೊಡಬೇಕಿಲ್ಲ.

ಸಬ್ಸಿಡಿ ಬಗ್ಗೆ ಒಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಇದೆ. "1.50 ಲಕ್ಷ ಸಬ್ಸಿಡಿ ಬರುತ್ತೆ, ಅದರಲ್ಲಿ ಸಂಘದ ಸಾಲ ತೀರಿಸ್ತೀನಿ" ಅನ್ನುತ್ತಾರೆ. ಆ ದುಡ್ಡು ನಿಮ್ಮ ಕೈಗೆ ಬರುವುದೇ ಇಲ್ಲ. ಬ್ಯಾಂಕಿನಲ್ಲೇ ಬೇರೆ ಖಾತೆಯಲ್ಲಿ ಮೂರು ವರ್ಷ ಕೂತಿರುತ್ತದೆ. ಘಟಕ ನಡೆಯುತ್ತಿದೆ, ಕಂತು ಸರಿಯಾಗಿ ಬರುತ್ತಿದೆ ಅಂತಾದರೆ ಮೂರು ವರ್ಷದ ನಂತರ ಸಾಲಕ್ಕೆ ಜಮೆಯಾಗುತ್ತದೆ. ನಡುವೆ ಮುಚ್ಚಿದರೆ ಅದು ವಾಪಸ್ ಹೋಗುತ್ತದೆ, ಪೂರ್ತಿ ಸಾಲ ನಿಮ್ಮ ತಲೆಗೆ. ಮಷೀನ್ ಮಾರುವವರು ಕೊಟೇಶನ್ ಬರೆಯುವಾಗಲೇ ಬೆಲೆ ಏರಿಸಿ "ಸಬ್ಸಿಡಿ ಇದೆಯಲ್ಲ" ಅನ್ನುವುದೂ ಉಂಟು. ರೊಟ್ಟಿ ಮಷೀನಿನ ಬೆಲೆಯನ್ನು ಅದೇ ಮಷೀನ್ ಇಟ್ಟುಕೊಂಡವರ ಹತ್ತಿರ ಕೇಳಿ, ಆಮೇಲೆ ಕೊಟೇಶನ್ ತೆಗೆದುಕೊಳ್ಳಿ.

ಬ್ಯಾಂಕಿನಲ್ಲಿ ಸ್ವನಿಧಿ ಸಾಲಕ್ಕೆ ಯಾರಾದರೂ ಠೇವಣಿ ಇಡಿ, ಜಾಮೀನು ತನ್ನಿ ಅಂದರೆ ಬೇಕಿಲ್ಲ ಅಂತ ಧೈರ್ಯವಾಗಿ ಹೇಳಿ. 20 ರೂಪಾಯಿಯ ಅಪಘಾತ ವಿಮೆ, 436ರ ಜೀವ ವಿಮೆ ಮಾಡಿಸಲು ಹೇಳಿದರೆ ಅದು ಒಳ್ಳೆಯದೇ, ಸಾಲಕ್ಕೆ ಷರತ್ತು ಮಾತ್ರ ಅಲ್ಲ. ಸಾಲ ಇಲ್ಲ ಅಂದರೆ ಕಾರಣ ಬರೆದು ಕೊಡಿ ಅಂತ ಕೇಳಿ. ಅಲ್ಲಿ ಆಗದಿದ್ದರೆ ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರ್. ಬ್ಯಾಂಕಿಗೆ ದೂರು ಕೊಟ್ಟು 30 ದಿನವಾದರೂ ಉತ್ತರ ಬಾರದಿದ್ದರೆ ಗ್ರಾಹಕರ ದೂರು ಕೇಳುವ ಆರ್‌ಬಿಐ ಒಂಬುಡ್ಸ್‌ಮನ್ ಇದ್ದಾರೆ, 14448ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ.

ಏಳು ತಿಂಗಳು ರೊಟ್ಟಿ ಆಸೆಯನ್ನು ಕಟ್ಟಿಡಬೇಕು ಅಂತಲ್ಲ. ಆಹಾರ ಮಾರುವವರಿಗೆ ಬೇಕಾದ ಎಫ್‌ಎಸ್‌ಎಸ್‌ಎಐ ನೋಂದಣಿ ಇಲ್ಲದಿದ್ದರೆ ಮಾಡಿಸಿ. ಸಣ್ಣ ಉದ್ಯಮಗಳ 'ಉದ್ಯಮ್' ನೋಂದಣಿ ಪುಕ್ಕಟೆ, ಅದಕ್ಕೂ ದುಡ್ಡು ಕೊಡಬೇಡಿ. ವಾರಕ್ಕೆ ಸ್ವಲ್ಪ ಸ್ವಲ್ಪ ಖಡಕ್ ರೊಟ್ಟಿ, ಚಟ್ನಿ ಮನೆಯಲ್ಲೇ ಮಾಡಿ ಗಾಡಿಯ ಮೇಲಿಟ್ಟು ಮಾರಿ ನೋಡಿ. ಒಂದೆರಡು ಕಿರಾಣಿ ಅಂಗಡಿಗೆ ಹಾಕಿ, ಅವರು ದುಡ್ಡು ಎಷ್ಟು ದಿನಕ್ಕೆ ಕೊಡುತ್ತಾರೆ ಅಂತ ಗಮನಿಸಿ. ಈ ಧಂಧೆಯಲ್ಲಿ ರೊಟ್ಟಿ ಖಾಲಿಯಾಗುವುದು ಕಷ್ಟವಲ್ಲ, ಅಂಗಡಿಯಿಂದ ದುಡ್ಡು ವಾಪಸ್ ಬರುವುದು ಕಷ್ಟ. ಜೋಳದ ಬೆಲೆ, ಗ್ಯಾಸು, ಕಟ್ಟುವ ಪ್ಲಾಸ್ಟಿಕ್ಕು, ಮುರಿದು ವಾಪಸ್ ಬಂದ ರೊಟ್ಟಿ, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಯೋಜನಾ ವರದಿ ಬರೆಯುವವರ ಮುಂದೆ ಆ ನೋಟ್‌ಬುಕ್ ಇಡಿ. ಇಲ್ಲದಿದ್ದರೆ ಅವರು ಬೇರೆ ಯಾರದ್ದೋ ವರದಿಯ ಅಂಕಿಗಳನ್ನೇ ನಿಮ್ಮ ಹೆಸರಿಗೆ ಬರೆದು ಕೊಡುತ್ತಾರೆ, ಬ್ಯಾಂಕಿನವರು ಎರಡು ಪ್ರಶ್ನೆ ಕೇಳಿದರೆ ನಿಮಗೆ ಉತ್ತರ ಇರುವುದಿಲ್ಲ.